ಮೂಗಿಗೆ ತುಪ್ಪ

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಆಸ್ಪತ್ರೆಯ ವಾಟ್ಸಾಪ್ ಗುಂಪಿನಲ್ಲಿ. ಸುದ್ದಿಯ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ಅಷ್ಟೊಂದು ಜೋಡಿ ಕೈಗಳನ್ನು ಒಟ್ಟಿಗೆ ನೋಡಿದಾಗ ನನಗೆ ಮೊದಲು ಹೊಳೆದದ್ದು, ಇದರಲ್ಲಿ ತೊಳೆದ ಕೈ ಎಷ್ಟಿರಬಹುದು ಎಂದು. ಸಾವಿನ ಹೊತ್ತಿನಲ್ಲಿ ಬರಬಾರದ ಯೋಚನೆ. ಆದರೆ ಅವರೇ ಇದ್ದಿದ್ದರೆ ಮೊದಲು ಕೇಳುತ್ತಿದ್ದುದೂ ಅದನ್ನೇ.

ಕಾರವಾರದ ಒಂದು ಆಸ್ಪತ್ರೆಯಲ್ಲಿ ಡ್ರೆಸಿಂಗ್ ರೂಮಿನ ಸಿಸ್ಟರ್ ಆಗಿದ್ದವರು. ಅಂಕೋಲೆಯ ಆಚೆಗಿನ ಬೆಳಂಬಾರದ ರೈತರ ಮನೆಯವರು. ವಯಸ್ಸಾದ ರೋಗಿಗಳು ಅವರನ್ನು ನರ್ಸಬಾಯಿ ಎನ್ನುತ್ತಿದ್ದರು, ನಾವು ಸಿಸ್ಟರ್ ಎನ್ನುತ್ತಿದ್ದೆವು. ನಾನು ಅದೇ ಆಸ್ಪತ್ರೆಯ ಲ್ಯಾಬಿನವನು, ಅಂಕೋಲೆಯವನು. ಬೆಳಿಗ್ಗೆ ಒಂದೇ ಬಸ್ಸು ಹಿಡಿಯುತ್ತಿದ್ದೆವು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಒಂದು ಕಾಗದದ ಮೇಲೆ ಅವರ ಹೆಸರು ಬರೆದಿದ್ದೇನೆ, ಅಷ್ಟು ಸಾಕು.

ಕುಳ್ಳಗಿನ ಆಳು, ಗಟ್ಟಿ ದನಿ. ಮೂಗಿನಲ್ಲಿ ಕೆಂಪು ಹರಳಿನ ದೊಡ್ಡದೊಂದು ಚಿನ್ನದ ಮೂಗುತಿ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಹುಟ್ಟಿದ್ದು ಅವರನ್ನು ನೋಡಿಯೇ ಎಂದು ನಾವು ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು. ಏನಾದರೂ ಯೋಚಿಸಬೇಕಾಗಿ ಬಂದರೆ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಹಳೆಯ ಗಡಿಯಾರಕ್ಕೆ ಕೀ ಕೊಟ್ಟ ಹಾಗೆ ಮೂಗುತಿಯನ್ನು ಒಂದು ಸುತ್ತು ತಿರುಗಿಸುವುದು, ಆಮೇಲೆ ಮಾತು. ಅದನ್ನು ನಾವೆಲ್ಲ ದಿನಕ್ಕೆ ಹತ್ತು ಸಲ ನೋಡಿದ್ದೇವೆ. ನೋಡಿದ್ದೇವೆ ಅಷ್ಟೇ.

ಅವರ ನಿಜವಾದ ದೇವರು ನಲ್ಲಿ. ಕೈ ಎಷ್ಟು ಹೊತ್ತು ತೊಳೆಯಬೇಕೆಂದು ಪುಸ್ತಕಗಳು ಸೆಕೆಂಡಿನಲ್ಲಿ ಹೇಳುತ್ತವೆ. ಸಿಸ್ಟರ್ ಬಸ್‌ಸ್ಟಾಪುಗಳ ಲೆಕ್ಕದಲ್ಲಿ ಹೇಳುತ್ತಿದ್ದರು. ಕಾರವಾರದಲ್ಲಿ ಸೋಪು ಹಚ್ಚಿ ಹೊರಡಬೇಕು. ಬಿಣಗಾದಲ್ಲಿ ಅಂಗೈ, ಅರ್ಗಾದಲ್ಲಿ ಮುಂಗೈ, ತೋಡೂರಿನಲ್ಲಿ ಬೆರಳ ಸಂದಿ, ಅಮದಳ್ಳಿಯಲ್ಲಿ ಹೆಬ್ಬೆರಳು, ಹಾರವಾಡದಲ್ಲಿ ಉಗುರು, ಅವರ್ಸಾದಲ್ಲಿ ಮಣಿಕಟ್ಟು. ಅಂಕೋಲೆ ಬಂದ ಮೇಲೆ ನೀರು ಬಿಡಬೇಕು. ಹೊಸದಾಗಿ ಸೇರಿದ ದಿನ ನಾನು ಕೈಗೆ ನೀರು ತೋರಿಸಿ ಒಳಗೆ ಬಂದೆ. ಅವರು ಬಾಗಿಲಲ್ಲೇ ಅಡ್ಡ ನಿಂತರು.

“ಎಂತಾ ತಮಾ, ಬಿಣಗಾದಲ್ಲೇ ಇಳದ್ಯಾ?”

ನನಗೆ ಅರ್ಥವಾಗಲಿಲ್ಲ. ಬಸ್ಸಿನ ವಿಷಯ ಎಂದುಕೊಂಡು, “ಇಲ್ಲ ಸಿಸ್ಟರ್, ಸ್ಟ್ಯಾಂಡಿನಲ್ಲೇ ಇಳಿದೆ” ಎಂದೆ. ಡ್ರೆಸಿಂಗಿಗೆ ಕೂತಿದ್ದ ರೋಗಿಗಳೆಲ್ಲ ನಕ್ಕರು. ಅವರಿಗೆಲ್ಲ ಆ ದಾರಿ ಬಾಯಿಪಾಠವಾಗಿತ್ತು. ಆಮೇಲೆ ನಮ್ಮ ಆಸ್ಪತ್ರೆಯಲ್ಲಿ ಅದೊಂದು ಮಾತೇ ಆಯಿತು. ಯಾವ ಕೆಲಸವನ್ನೇ ಆಗಲಿ ಅರ್ಧಕ್ಕೆ ಬಿಟ್ಟವನು ಎಲ್ಲಿಯೋ ಒಂದು ಸ್ಟಾಪಿನಲ್ಲಿ ಇಳಿದವನು.

“ಸಿಸ್ಟರಿಗೆ ಮಡಿ ಜಾಸ್ತಿ” ಎಂದು ಯಾರೋ ಮೂಗು ಮುರಿದಾಗ ಅವರು ಹೇಳಿದ ಮಾತು ನನಗೆ ಇನ್ನೂ ನೆನಪಿದೆ. “ಮಡಿ ಅಂದ್ರೆ ಬೇರೆಯವ್ರು ನಮ್ಮನ್ನ ಮುಟ್ಟಬಾರ್ದು ಅನ್ನೂದು. ಇದು ಹಂಗಲ್ಲ. ನಾವು ಬೇರೆಯವ್ರನ್ನ ಹಂಗೇ ಮುಟ್ಟಬಾರ್ದು ಅನ್ನೂದು.” ಮಡಿಯ ಮನೆಗಳ ಹಿತ್ತಿಲಿನಲ್ಲೇ ನಿಂತು ಬೆಳೆದ ಹೆಂಗಸಿನ ಮಾತು ಅದು.

ನಮ್ಮ ಆಪರೇಷನ್ನಿನ ದೊಡ್ಡ ಡಾಕ್ಟರು ಬೆರಳಲ್ಲಿ ಪುಷ್ಯರಾಗದ ಉಂಗುರ ಹಾಕುತ್ತಿದ್ದರು. ಒಮ್ಮೆ ಅವರು ಗಾಯ ನೋಡಲು ಬಂದಾಗ ಸಿಸ್ಟರ್ ಸ್ಟೀಲಿನ ಟ್ರೇ ಒಂದನ್ನು ಅವರ ಮುಂದೆ ಹಿಡಿದರು. ಡಾಕ್ಟರಿಗೆ ಏನೆಂದು ತಿಳಿಯಲಿಲ್ಲ.

“ಉಂಗುರ ಇದ್ರಲ್ಲಿ ಹಾಕಿ ಡಾಕ್ಟ್ರೆ.”

“ಗುರುಬಲಕ್ಕೆ ಹಾಕಿದ್ದು, ಸಿಸ್ಟರ್. ತೆಗೆಯುವ ಹಾಗಿಲ್ಲ.”

“ಅಡ್ಡಿಲ್ಲ. ಗುರು ಈ ಟ್ರೇಯಲ್ಲಿ ಕೂತಿರ್ಲಿ. ಗಾಯದ ಒಳಗೆ ಬರೂದು ಬೇಡ.”

ಉಂಗುರ ಟ್ರೇಗೆ ಬಿತ್ತು. ಡಾಕ್ಟರು ಮುಖ ಗಂಟಿಕ್ಕಿಕೊಂಡೇ ಗಾಯ ನೋಡಿದರು. ಅದನ್ನು ಅವರು ಮರೆಯಲಿಲ್ಲ ಎಂಬುದು ನಮಗೆ ಆಮೇಲೆ ತಿಳಿಯಿತು.

ಕೊರೊನಾ ಬಂದ ವರ್ಷ ಅವರಿಗೆ ಒಂದು ಥರದ ಹಬ್ಬ. ಊರಿಗೆ ಊರೇ ಕೈ ತೊಳೆಯುತ್ತಿತ್ತು. “ನೋಡು ತಮಾ, ಎಲ್ರೂ ಅಂಕೋಲೆವರೆಗೂ ಹೋತ್ರು ಈಗ” ಎಂದು ಬಸ್ಸಿಲ್ಲದ ರಸ್ತೆ ನೋಡುತ್ತ ಹೇಳಿದ್ದರು. ಹಬ್ಬ ಮುಗಿಯಿತು. ಕಾಲಿನಿಂದ ಒತ್ತುವ ಸ್ಯಾನಿಟೈಸರ್ ಸ್ಟ್ಯಾಂಡಿಗೆ ಈಗ ಛತ್ರಿ ನೇತುಹಾಕುತ್ತಾರೆ.

ಅವರ ಇನ್ನೊಂದು ಜಗಳ ಗುಳಿಗೆಯ ಡಬ್ಬಿಯ ಜೊತೆ. ನಮ್ಮ ಕಡೆ ಮನೆಮನೆಯಲ್ಲೂ ಒಂದು ಹಳೆಯ ಬಿಸ್ಕೀಟಿನ ಡಬ್ಬಿ ಇರುತ್ತದೆ. ಕಳೆದ ವರ್ಷದ ಜ್ವರದ್ದು, ಅದಕ್ಕೂ ಹಿಂದಿನ ವರ್ಷದ ಹಲ್ಲುನೋವಿನದ್ದು, ಉಳಿದ ಗುಳಿಗೆಗಳೆಲ್ಲ ಅದರಲ್ಲಿ. ಕುರು ಎದ್ದರೆ ಎರಡು ದಿನ ನುಂಗುವುದು, ಬಾವು ಇಳಿದರೆ ಮಿಕ್ಕಿದ್ದು ಡಬ್ಬಿಗೆ. ಪಕ್ಕದ ಮನೆಯವರಿಗೆ ಕುರು ಎದ್ದರೆ ಆ ಡಬ್ಬಿ ಬೇಲಿ ದಾಟುತ್ತದೆ. ಸಕ್ಕರೆ, ಚಾಪುಡಿಯಂತೆ ಇದೂ ಒಂದು ಕೊಡುಕೊಳ್ಳುವಿಕೆ. ಸಿಸ್ಟರ್ ಪ್ರತಿಯೊಬ್ಬರಿಗೂ ಹೇಳುತ್ತಿದ್ದರು: “ಹಾವಿಗೆ ಅರ್ಧ ಪೆಟ್ಟು ಹಾಕಿ ಬಿಡಬೇಡಿ. ಹೊಡದ್ರೆ ಪೂರ್ತಿ ಹೊಡೀರಿ. ಪೆಟ್ಟು ತಿಂದು ಬದುಕಿದ ಹಾವಿಗೆ ನಿಮ್ಮ ಕೋಲು ಎಷ್ಟುದ್ದ ಅಂತ ಗೊತ್ತಾಗಿರ್ತದೆ.”

ಔಷಧಿಗೆ ಬಗ್ಗದ ರೋಗಾಣುವಿನ ಬಗ್ಗೆ ನಾನು ಓದಿದ ಎಲ್ಲ ಪಾಠ ಆ ಮೂರು ವಾಕ್ಯದಲ್ಲಿ ಮುಗಿಯುತ್ತದೆ. ರೋಗಿಗಳು ತಲೆಯಾಡಿಸಿ ಮನೆಗೆ ಹೋಗಿ ಮೂರನೇ ದಿನ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು.

ಕೊರೊನಾ ಕಳೆದ ಮರುವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ವಾರ್ಡಿನಲ್ಲಿ ಒಂದರ ಹಿಂದೆ ಒಂದು ಮೂರು ಆಪರೇಷನ್ನಿನ ಗಾಯಗಳು ಕೀವು ಕಟ್ಟಿದವು. ಮೂರನೆಯದು ತೋಡೂರಿನ ಒಬ್ಬ ಹೆಂಗಸಿನದು. ಹೊಟ್ಟೆಯ ಹೊಲಿಗೆ ಬಿಟ್ಟುಕೊಂಡಿತ್ತು. ಕೀವು ಲ್ಯಾಬಿಗೆ ಬಂತು. ಬೆಳೆಸಿ ನೋಡಿದೆ. ನಾವು ಚಿಕ್ಕದಾಗಿ ಎಮ್ಮಾರೆಸ್ಸೆ ಎನ್ನುವ ರೋಗಾಣು. ಸಾಮಾನ್ಯವಾಗಿ ಎಲ್ಲರ ಚರ್ಮದ ಮೇಲೂ ಸುಮ್ಮನೆ ಇರುವ ಸ್ಟ್ಯಾಫ್ ಎಂಬ ಸಾಧುಪ್ರಾಣಿಯ ಪುಂಡ ಜಾತಿ. ದಿನಾ ಕೊಡುವ ಔಷಧಿಗಳಿಗೆಲ್ಲ ಸಡ್ಡು ಹೊಡೆಯುವಂಥದು. ಆ ಹೆಂಗಸಿನ ಗಂಡ ನೌಕಾನೆಲೆಯ ಕಡೆ ಕೂಲಿಗೆ ಹೋಗುವವನು, ನನ್ನನ್ನು ತಡೆದು ನಿಲ್ಲಿಸಿದ.

“ನನ್ನ ಹೆಂಡ್ತಿಗೆ ಎಂತಾ ಆಗದೆ ಒಡ್ಯಾ?”

“ಎಮ್ಮಾರೆಸ್ಸೆ.”

“ನಮ್ಮನೇಲಿ ಎಮ್ಮೆ ಮಾರಿ ಆರು ವರ್ಷ ಆತಲ್ಲ!” ಎಂದ ಅವನು, ಬಹಳ ಗಂಭೀರವಾಗಿ.

ನನಗೆ ನಗು ಬಂತು. ಸಿಸ್ಟರ್ ನಗಲಿಲ್ಲ. ಅವನನ್ನು ಬೆಂಚಿನ ಮೇಲೆ ಕೂರಿಸಿ, ಹಾವಿನ ಕಥೆಯಿಂದ ಶುರುಮಾಡಿ, ಇಂಜೆಕ್ಷನ್ನು ಎಷ್ಟು ದಿನ ಬೇಕು, ಯಾಕೆ ಬೇಕು ಎಂದೆಲ್ಲ ಹೇಳಿದರು. ದಿನಾ ಆ ಗಾಯವನ್ನು ಅವರೇ ಬಿಚ್ಚಿ ತೊಳೆದು ಕಟ್ಟಿದರು.

ಮೂರು ಗಾಯ ಕೆಟ್ಟರೆ ಒಂದು ಮೀಟಿಂಗು ಆಗಬೇಕು. ಆಯಿತು. ಈ ರೋಗಾಣು ಯಾವ ತೊಂದರೆಯನ್ನೂ ಕೊಡದೆ ಆರೋಗ್ಯವಂತರ ಮೂಗಿನಲ್ಲಿ ಬಿಡಾರ ಹೂಡಿರುತ್ತದೆ. ಆದ್ದರಿಂದ ವಾರ್ಡಿನಲ್ಲಿ ಓಡಾಡುವವರೆಲ್ಲರ ಮೂಗಿಗೆ ಹತ್ತಿಯ ಕಡ್ಡಿ ಹಾಕಿ ಪರೀಕ್ಷೆ ಮಾಡುವುದೆಂದು ತೀರ್ಮಾನವಾಯಿತು. ಪಟ್ಟಿ ಮಾಡುವ, ಕಡ್ಡಿ ಹಾಕುವ ಕೆಲಸ ನನ್ನದು. ಆಯಾಗಳು, ನರ್ಸುಗಳು, ಕಸ ಗುಡಿಸುವವರು, ಎಲ್ಲರೂ ಸಾಲಿನಲ್ಲಿ ನಿಂತು ಮೂಗೊಡ್ಡಿದರು. ದೊಡ್ಡ ಡಾಕ್ಟರು ಮೊದಲ ದಿನ ರಜೆಯಲ್ಲಿದ್ದರು, ಎರಡನೆಯ ದಿನ ಅವಸರದಲ್ಲಿದ್ದರು, ಮೂರನೆಯ ದಿನ ನಾನು ಕೇಳಲಿಲ್ಲ. ದೊಡ್ಡವರ ಮೂಗು ಎತ್ತರದಲ್ಲಿರುತ್ತದೆ, ಲ್ಯಾಬಿನ ಕಡ್ಡಿ ಅಲ್ಲಿಗೆ ಎಟುಕುವುದಿಲ್ಲ. ಪಟ್ಟಿಯಲ್ಲಿ ನನ್ನ ಹೆಸರೂ ಇರಲಿಲ್ಲ. ಪಟ್ಟಿ ಮಾಡುವವನು ಪಟ್ಟಿಯಲ್ಲಿ ಇರುವುದು ಎಲ್ಲಾದರೂ ಉಂಟೇ?

ಎರಡು ದಿನ ಕಳೆದು, ರೋಗಾಣು ಬೆಳೆಸಲು ಇಟ್ಟ ಲ್ಯಾಬಿನ ತಟ್ಟೆಗಳನ್ನು ತೆರೆದು ನೋಡಿದೆ. ಸಾಧುಜಾತಿಯ ಸ್ಟ್ಯಾಫ್ ಕೆಲವರ ತಟ್ಟೆಯಲ್ಲಿತ್ತು, ಅದೇನೂ ಹೆಚ್ಚಲ್ಲ. ಒಂದೇ ಒಂದು ತಟ್ಟೆಯಲ್ಲಿ, ರೋಗಾಣು ಬಗ್ಗುತ್ತದೋ ಎಂದು ನೋಡಲು ಇಟ್ಟ ಔಷಧಿಯ ಬಿಲ್ಲೆಯ ಅಂಚಿನವರೆಗೂ ಚಿನ್ನದ ಬಣ್ಣದ ಚುಕ್ಕೆಗಳು ಹೆದರಿಕೆಯಿಲ್ಲದೆ ಹಬ್ಬಿದ್ದವು. ತಟ್ಟೆಯ ಹಿಂದಿನ ಚೀಟಿ ನೋಡಿದೆ. ಇನ್ನೊಮ್ಮೆ ನೋಡಿದೆ. ಸಿಸ್ಟರದ್ದು. ಮೂಗಿನ ಹೊರಗೂ ಚಿನ್ನ, ಒಳಗೂ ಚಿನ್ನ.

ಆಸ್ಪತ್ರೆಗೆಲ್ಲ ಕೈ ತೊಳೆಯುವುದನ್ನು ಕಲಿಸಿದವರು. ತೊಳೆದ ಮೇಲೆ ಒಂದು ಯೋಚನೆ ಬಂದಿರಬೇಕು, ಬೆರಳು ಮೂಗುತಿಗೆ ಹೋಗಿರಬೇಕು. ಆ ರೋಗಾಣುವೂ ಗಾಯದ ರೋಗಾಣುವೂ ಒಂದೇ ಮನೆತನದ್ದೋ ಅಲ್ಲವೋ ಎಂದು ಹೇಳುವ ಪರೀಕ್ಷೆ ನಮ್ಮಲ್ಲಿ ಇರಲಿಲ್ಲ. ಗಾಯ ಕಟ್ಟುವಾಗ ರೋಗಿಯಿಂದಲೇ ಅವರಿಗೆ ಅಂಟಿರಲೂಬಹುದು. ಆದರೆ ಜನರ ಅನುಮಾನಕ್ಕೆ ಅಷ್ಟು ದೊಡ್ಡ ಲ್ಯಾಬು ಬೇಕಾಗುವುದಿಲ್ಲ. ವರದಿ ಹೋದರೆ ಡ್ರೆಸಿಂಗ್ ರೂಮು ಅವರ ಕೈ ತಪ್ಪುತ್ತದೆ ಎಂಬುದು ನನಗೆ ಗೊತ್ತಿತ್ತು. ಆ ಕೋಣೆ ಬಿಟ್ಟರೆ ಅವರಿಗೆ ಬೇರೆ ಲೋಕವಿರಲಿಲ್ಲ ಎಂಬುದೂ ಗೊತ್ತಿತ್ತು. ತಟ್ಟೆಯನ್ನು ಫ್ರಿಜ್ಜಿನ ಹಿಂದುಗಡೆ ಸರಿಸಿಟ್ಟೆ.

ಮಧ್ಯಾಹ್ನ ಅವರೇ ಬಂದರು. “ನಂದು ಎಂತಾ ಬಂತು ತಮಾ?”

“ಏನಿಲ್ಲ ಸಿಸ್ಟರ್. ನಿಮ್ಮದು ಬರುತ್ತದಾ! ನಿಮ್ಮ ಮೂಗಿಗೆ ಬರಲು ರೋಗಾಣುವಿಗೆ ಧೈರ್ಯ ಬೇಡವಾ?”

ಅವರು ನನ್ನ ಮುಖವನ್ನೇ ನೋಡಿದರು. “ನಂಗೆ ಗಾಯ ನೋಡೂದು ಗೊತ್ತದೆ. ಮೇಲೆ ಒಣಗಿ ಒಳಗೆ ಕೀವಾದದ್ದೂ ಗೊತ್ತಾಗ್ತದೆ. ನನ್ನ ಮೂಗಿಗೆ ತುಪ್ಪ ಹಚ್ಚಬೇಡಾ. ತಟ್ಟೆ ತೋರ್ಸು.”

ತೋರಿಸಿದೆ. ಬಹಳ ಹೊತ್ತು ನೋಡಿದರು. ಅವರ ಬೆರಳು ಮೇಲೆದ್ದಿತು, ಮೂಗಿನ ಹತ್ತಿರ ಹೋಯಿತು, ಅಲ್ಲೇ ಗಾಳಿಯಲ್ಲಿ ನಿಂತಿತು. ಅಷ್ಟು ವರ್ಷದಲ್ಲಿ ಮೊದಲ ಸಲ ಆ ಬೆರಳನ್ನು ಅವರೂ ನೋಡಿದರು, ನಾನೂ ನೋಡಿದೆ. ಕೈ ಕೆಳಗಿಳಿಸಿ, ಲ್ಯಾಬಿನ ಸಿಂಕಿಗೆ ಹೋಗಿ, ಕಾರವಾರದಿಂದ ಅಂಕೋಲೆಯವರೆಗೆ ಒಂದು ಸ್ಟಾಪೂ ಬಿಡದೆ ಕೈ ತೊಳೆದರು. ನನಗೆ ಅಳು ಬಂತು.

ಕೈ ಒರೆಸಿಕೊಂಡು ಬಂದವರು ಕೇಳಿದ್ದು ನಾನು ಎಣಿಸದ ಪ್ರಶ್ನೆ. “ನಿನ್ನ ಮೂಗು ನೋಡದ್ಯಾ?”

“ನಂದಾ? ನಾನು ಲ್ಯಾಬಿನವನಲ್ಲವಾ ಸಿಸ್ಟರ್?”

“ದಿನಾ ಎರಡು ಸಲ ವಾರ್ಡಿಗೆ ಬಂದು ರಕ್ತ ತೆಗೀತೆ. ಕೀವೂ ನೀನೇ ತೆಗೀತೆ. ಕಡ್ಡಿ ತಾ ಇಲ್ಲಿ.”

ನನ್ನ ಗದ್ದ ಹಿಡಿದೆತ್ತಿ ಅವರೇ ಕಡ್ಡಿ ಹಾಕಿದರು. ಆಮೇಲೆ ಕುರ್ಚಿ ಎಳೆದು ಕುಳಿತು, “ಈಗ ನನ್ನ ರಿಪೋರ್ಟು ಬರಿ. ಹೆಸ್ರು ಸರಿಯಾಗಿ ಬರಿ, ಸ್ಪೆಲ್ಲಿಂಗ್ ತಪ್ಪಬೇಡಾ” ಎಂದರು. ಬರೆದೆ.

ಇದಕ್ಕೆ ಮದ್ದು ಏನೂ ದೊಡ್ಡದಲ್ಲ. ಒಂದು ಮುಲಾಮು, ಎರಡೂ ಹೊಳ್ಳೆಗೆ, ದಿನಕ್ಕೆ ಎರಡು ಸಲ, ಐದು ದಿನ. ಜೊತೆಗೆ ಔಷಧಿಯ ಸೋಪಿನಲ್ಲಿ ಸ್ನಾನ. ಟ್ಯೂಬನ್ನು ಬೆಳಕಿಗೆ ಹಿಡಿದು ಸಿಸ್ಟರ್ ಗಟ್ಟಿಯಾಗಿ ನಕ್ಕರು. “ನೀ ಹಚ್ಚೂದು ಬೇಡ ಅಂದೆ ನಾನು. ಕಡಿಗೂ ಡಾಕ್ಟ್ರೇ ಹಚ್ಚಿದ್ರು ನೋಡು ಮೂಗಿಗೆ ತುಪ್ಪ!”

ಮೂಗುತಿ ತೆಗೆಯಬೇಕೆಂದು ಯಾರೂ ಅವರಿಗೆ ಹೇಳಲಿಲ್ಲ. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವರೇ ಸೋಪಿನ ನೀರು ಹಚ್ಚಿ ತಿರುಗಿಸಿ ತಿರುಗಿಸಿ ತೆಗೆದು, ಕತ್ತರಿ ಚಿಮುಟಗಳ ಜೊತೆ ಕುದಿಸುವ ಪಾತ್ರೆಗೆ ಹಾಕಿದರು. ಹದಿಮೂರನೇ ವಯಸ್ಸಿನಲ್ಲಿ ಹಾಕಿಸಿಕೊಂಡದ್ದಂತೆ. ಸಂಜೆ ಬೋಳು ಮೂಗಿನಲ್ಲಿ ಬೆಳಂಬಾರಕ್ಕೆ ಹೋದರು. ಗಂಡ ಸತ್ತರೆ ಮಾತ್ರ ಮೂಗುತಿ ಇಳಿಯುವ ಕೇರಿ ಅದು. ಕತ್ತಲಾಗುವುದರೊಳಗೆ ಅಕ್ಕಪಕ್ಕದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಅಂಗಳ ತುಂಬಿದರಂತೆ. ಗಂಡ ಜಗುಲಿಯ ಮೇಲೆ ಕೂತು ಗಂಜಿ ಉಣ್ಣುತ್ತಿದ್ದ. ಅವನನ್ನು ನೋಡಿ ಒಬ್ಬಳು ಮೂಗಿನ ಮೇಲೆ ಬೆರಳಿಟ್ಟಳು. “ಬೆರಳು ತೆಗಿಯೇ ಮಾರಾಯ್ತಿ, ಅದ್ರಿಂದ್ಲೇ ಇಷ್ಟೆಲ್ಲಾ ಆದದ್ದು ಅಂದೆ” ಎಂದು ಮರುದಿನ ಬಸ್ಸಿನಲ್ಲಿ ಹೇಳಿ ನಗಿಸಿದರು. ಅವರೂ ನಕ್ಕರು. ಆದರೆ ಅರ್ಗಾ ದಾಟುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿದ್ದರು.

ಐದು ದಿನ ಬಿಡದೆ ಹಚ್ಚಿದರು. ಮತ್ತೆ ಪರೀಕ್ಷೆ ಮಾಡಿದಾಗ ತಟ್ಟೆ ಸ್ವಚ್ಛವಾಗಿತ್ತು. ಸ್ವಚ್ಛವಾದ ತಟ್ಟೆಯ ವರದಿಯನ್ನು ಮೀಟಿಂಗಿನಲ್ಲಿ ಯಾರೂ ಓದಲಿಲ್ಲ. “ಜನ ಏನಂದಾರು” ಎಂದು ದೊಡ್ಡ ಡಾಕ್ಟರು ಬೇಸರದ ಮುಖ ಮಾಡಿ ಹೇಳಿದರು. ಪುಷ್ಯರಾಗ ಬೆರಳಿನಲ್ಲಿ ಹೊಳೆಯುತ್ತಿತ್ತು. ಸಿಸ್ಟರನ್ನು ಹೊರರೋಗಿಗಳಿಗೆ ಚೀಟಿ ಕೊಡುವ ಕೌಂಟರಿಗೆ ಕೂರಿಸಿದರು. ಅದೇ ತಿಂಗಳು ಕೈ ತೊಳೆಯುವ ಬಗ್ಗೆ ಬಣ್ಣದ ಭಿತ್ತಿಪತ್ರಗಳು ಬಂದವು. ಅದರಲ್ಲೊಂದನ್ನು ಅವರ ತಲೆಯ ಮೇಲಿನ ಗೋಡೆಗೇ ಅಂಟಿಸಿದರು.

ತೋಡೂರಿನ ಹೆಂಗಸು ತಿಂಗಳ ಮೇಲೆ ಗುಣವಾಗಿ ಮನೆಗೆ ಹೊರಟಳು. ಅವಳ ಗಂಡ ಚೀಟಿಯ ಕಿಂಡಿಯಲ್ಲಿ ಮುಖ ತೂರಿಸಿ, “ಬಾಯೋರೆ, ಕಡೇ ಪಟ್ಟಿ ನೀವೇ ಕಟ್ಟಬೇಕು” ಎಂದು ಹಟ ಹಿಡಿದ.

“ನನ್ನ ಮೂಗಿನ ಕಥೆ ನಿಂಗೆ ಹೇಳಲಿಲ್ವಾ ಯಾರೂ?”

“ಹೇಳಿದ್ರು. ಮೂಗು ಯಾರದ್ದಾದ್ರೂ ಇರ್ಲಿ, ಕೈ ನಿಮ್ದೇ ಬೇಕು.”

ಅವರು ಕಟ್ಟಲಿಲ್ಲ. ನಿಯಮ ನಿಯಮವೇ ಎಂದರು. ಅವನು ಹೋದ ಮೇಲೆ ಚೀಟಿಯ ಮೇಲೆ ರೋಗಿಯ ಹೆಸರು ಬರೆಯುವ ಬದಲು ತಮ್ಮದೇ ಹೆಸರು ಬರೆದು ಹರಿದು ಹಾಕಿದರಂತೆ. ನಿವೃತ್ತಿಯವರೆಗೂ ಅಲ್ಲೇ ಕುಳಿತರು. ಡ್ರೆಸಿಂಗ್ ರೂಮಿನ ಮುಂದೆ ಹಾದುಹೋಗುವಾಗ ಒಳಗೆ ನೋಡುತ್ತಿರಲಿಲ್ಲ.

ಇಷ್ಟು ಹೊತ್ತು ಬರೆದೆ, ನನ್ನ ಮೂಗಿನ ಕಡ್ಡಿಯ ವಿಷಯ ಬಿಟ್ಟೆ. ಮರೆತಿದ್ದಲ್ಲ.

ನನ್ನ ತಟ್ಟೆಯಲ್ಲೂ ಚಿನ್ನ ಬೆಳೆದಿತ್ತು. ಅಂಚಿನವರೆಗೂ, ಅದೇ ಧೈರ್ಯದಲ್ಲಿ. ನಾನು ಅದನ್ನು ಬೇರೆ ತಟ್ಟೆಗಳ ಜೊತೆ ಹಬೆಯ ಯಂತ್ರಕ್ಕೆ ಹಾಕಿ ಬೇಯಿಸಿಬಿಟ್ಟೆ. ಬಳಸಿದ ತಟ್ಟೆಗಳನ್ನು ಹಾಗೆಯೇ ನಾಶ ಮಾಡಬೇಕೆಂಬ ನಿಯಮವಿದೆ, ನಿಯಮ ನಿಯಮವೇ. ಅವರು ಹಾಕಿದ ಕಡ್ಡಿಯ ಬಗ್ಗೆ ರಿಜಿಸ್ಟರಿನಲ್ಲಿ ಒಂದಕ್ಷರ ಬರೆಯಲಿಲ್ಲ. ಇನ್ನೊಂದು ಮೂಗು ಬಯಲಾಗಿದ್ದರೆ ದೋಷವೆಲ್ಲ ಅವರೊಬ್ಬರ ತಲೆಗೆ ಬರುತ್ತಿರಲಿಲ್ಲ, ಪ್ರಾಯಶಃ ಅವರ ಕೋಣೆಯೂ ಉಳಿಯುತ್ತಿತ್ತು. ಅಂಕೋಲೆಯ ಅಂಗಡಿಯಿಂದ ಒಂದು ಟ್ಯೂಬು ತಂದು ಗುಟ್ಟಾಗಿ ಹಚ್ಚಿಕೊಂಡೆ. ನನ್ನ ಕಡ್ಡಿ ಏನಾಯಿತೆಂದು ಸಿಸ್ಟರ್ ಕೇಳಲಿಲ್ಲ. ಮರೆತಿದ್ದಾರೆ ಎಂದು ನಂಬಿದೆ. ಅಂಜುಬುರುಕರಿಗೆ ನಂಬಿಕೆ ಬೇಗ ಬರುತ್ತದೆ.

ಈ ಬೇಸಿಗೆಯಲ್ಲಿ, ಹೃದಯದ ಕಾಯಿಲೆಯಿಂದ ಅವರು ಮಲಗಿದ ಮೇಲೆ, ಬೆಳಂಬಾರಕ್ಕೆ ಹೋಗಿದ್ದೆ. ಜಗುಲಿಯಲ್ಲಿ ಮಂಚ. ಪಕ್ಕದಲ್ಲಿ ಬುಟ್ಟಿ ತುಂಬ ಇಶಾಡು ಮಾವು. ಮೂಗುತಿಯ ತೂತು ಮುಚ್ಚಿಹೋಗಿ ಚುಕ್ಕೆಯಷ್ಟೇ ಉಳಿದಿತ್ತು. ಅದೂ ಇದೂ ಮಾತಾಡಿದೆವು. ಅವರ ಬೆರಳು ಇಲ್ಲದ ಮೂಗುತಿಯನ್ನು ಒಂದು ಸುತ್ತು ತಿರುಗಿಸಿತು.

“ತಮಾ, ನಿಂಗೂ ಬಂದಿತ್ತಲ್ದಾ?”

ಏನು ಎಂದು ನಾನು ಕೇಳಲಿಲ್ಲ. ತಲೆ ತಗ್ಗಿಸಿದೆ. “ಗೊತ್ತಿದ್ದೂ ಯಾಕೆ ಹೇಳಲಿಲ್ಲ ಸಿಸ್ಟರ್?” ಎಂದೆ.

“ಚೀಟಿ ಕೊಡೂ ಜಾಗದಲ್ಲಿ ಇದ್ದದ್ದು ಒಂದೇ ಕುರ್ಚಿ” ಎಂದರು. “ಅದಿರ್ಲಿ. ತುಪ್ಪ ಹಚ್ಚದ್ಯಾ?”

“ಹಚ್ಚಿದೆ.”

“ಐದೂ ದಿನ? ಮಧ್ಯೆ ಎಲ್ಲೂ ಇಳೀಲಿಲ್ಲಲ್ಲ?”

“ಇಲ್ಲ ಸಿಸ್ಟರ್. ಅಂಕೋಲೆವರೆಗೂ ಹೋದೆ.”

ಅವರು ನನ್ನ ಮುಖ ನೋಡಿದರು, ಮೇಲೆ ಒಣಗಿದ ಗಾಯವನ್ನು ನೋಡುವ ಹಾಗೆ.

“ಆ ಮುಲಾಮು ಹಚ್ಚಿದ್ರೆ ಮೂಗು ಮಿಂಚ್ತದೆ. ದಿನಾ ಬಸ್ಸಿನಲ್ಲಿ ನೋಡ್ತಿದ್ದೆ. ಮೂರು ದಿನ ಮಿಂಚ್ತು” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. “ಹೋಗು, ಕೈ ತೊಳ್ಕಂಡು ಬಾ. ಹಣ್ಣು ಕೊಯ್ದು ಕೊಡ್ತೆ.”

ಅಂಗಳದ ನಲ್ಲಿಗೆ ಹೋಗಿ, ಸೋಪು ಹಚ್ಚಿ, ಕಾರವಾರದಿಂದ ಹೊರಟೆ. ಹಣ್ಣಿನ ತಟ್ಟೆ ಇಟ್ಟ ಸದ್ದು ಕೇಳಿದಾಗ ಅಂಕೋಲೆ ಯಾವಾಗಲೋ ಕಳೆದಿತ್ತು. ನಾನು ಇನ್ನೂ ತೊಳೆಯುತ್ತಲೇ ಇದ್ದೆ.